ಕ್ಯಾಸೆಟ್ಟಿನ ಆಚೆ ಬದಿ

ಶುಕ್ರವಾರ ಬೆಳಿಗ್ಗೆ ನಾವು ಮೂವರು ಸೈಕಲ್ ಹೊಡೆಯುತ್ತಿದ್ದೆವು. ಕ್ಯಾಂಪಿನವರು ನಗಾಡುತ್ತಿದ್ದರು. ಆರು ದಿನ ಮೈ ಮುರಿದು ದುಡಿದವರು ಏಳನೆಯ ದಿನ ಹಾಯಾಗಿ ಮಲಗುವುದು ಬಿಟ್ಟು ಬೆವರು ಸುರಿಸಿಕೊಂಡು ಸಮುದ್ರ ನೋಡಲು ಹೋಗುವುದು ಅವರಿಗೆ ಅರ್ಥವಾಗುತ್ತಿರಲಿಲ್ಲ. ನನಗೂ ಅರ್ಥವಾಗಿತ್ತೆಂದು ಹೇಳಲಾರೆ. ಕೋಣೆಯಲ್ಲಿ ಏಳು ಜನರ ಗೊರಕೆ ಕೇಳುವುದಕ್ಕಿಂತ ವಾಸಿ, ಅಷ್ಟೇ.

ನಾನು ದೂಮಪ್ಪ. ಆಗ, ಎಂಬತ್ತೆಂಟರಲ್ಲಿ, ಒಮಾನಿನಲ್ಲಿ, ಘಾಲಾದ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಪೂವಪ್ಪ ಅದೇ ಗೋದಾಮಿನ ಗೇಟಿನ ವಾಚ್‌ಮನ್, ನನಗಿಂತ ಹತ್ತು ವರ್ಷ ಚಿಕ್ಕವನು. ಇಬ್ಬರೂ ಘಾಲಾದಿಂದ ಹೊರಟರೆ, ಖುರುಮಿನ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದ ವಾಲ್ಟರ್ ರೌಂಡ್‌ಅಬೌಟಿನ ಹತ್ತಿರ ಸೈಕಲ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅಲ್ಲಿಂದ ಒಟ್ಟಿಗೆ ಬೀಚಿಗೆ ಹೋಗಿ, ಒಂದು ಸುತ್ತು ಹೊಡೆದು, ಮಲಬಾರಿನ ಕಾಕಾನ ಚಾ ಅಂಗಡಿಯಲ್ಲಿ ಕುಳಿತುಕೊಳ್ಳುವುದು. ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಚಾ ಬಂದ ಮೇಲೆ ಒಬ್ಬೊಬ್ಬರಾಗಿ ವಾರದ ವರ್ತಮಾನ ಹೇಳಬೇಕೆಂಬುದು ವಾಲ್ಟರ್ ಮಾಡಿದ ಕಾನೂನು. ದೊಡ್ಡ ವಿಷಯ ಬೇಡ, ಸಂಬಳ ಬೇಡ, ನಮ್ಮನ್ನು ಕರೆಸಿಕೊಂಡ ಅರಬಿ ಧಣಿ ಕಫೀಲನ ಸುದ್ದಿ ಬೇಡವೇ ಬೇಡ. ವಾಲ್ಟರನ ವಾರವೆಲ್ಲ ಒಂದು ಸಿಹಿಕುಂಬಳದ ಬಳ್ಳಿಯ ಸುತ್ತ. ತಾರಸಿಯ ಮೇಲೆ ಹಳೆಯ ಡ್ರಮ್ಮಿನಲ್ಲಿ ಮಣ್ಣು ತುಂಬಿ ಬೆಳೆಸಿದ್ದ. ಹೂವಾಗುತ್ತಿತ್ತು, ಮಿಡಿಯೂ ಕಾಣುತ್ತಿತ್ತು, ನಾಲ್ಕನೆಯ ದಿನ ಹಳದಿಯಾಗಿ ಉದುರುತ್ತಿತ್ತು. ಮಿಡಿ ಉದುರಿದ ದಿನ ಅವನ ಮುಖ ನೋಡಿದರೆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ ಎನ್ನಬೇಕು. ಪೂವಪ್ಪ ಗೇಟಿನಲ್ಲಿ ಕುಳಿತು ಒಮಾನಿಗಳು ಹಾಕುವ ಕುಮ್ಮಾ ಟೋಪಿಗೆ ಕಸೂತಿ ಹಾಕಲು ಕಲಿಯುತ್ತಿದ್ದ. ಕಾಳಿನಷ್ಟು ತೂತುಗಳ ಸುತ್ತ ಹೊಲಿಯಬೇಕು. ನೂಲು ಸಿಕ್ಕಾಗುತ್ತಿತ್ತು, ಬಿಚ್ಚುತ್ತಿದ್ದ, ಮತ್ತೆ ಸಿಕ್ಕಾಗುತ್ತಿತ್ತು. ಒಂದೇ ಟೋಪಿ ಎರಡು ವರ್ಷದಿಂದ ನಡೆದಿತ್ತು.

ನನ್ನ ಸರದಿ ಬಂದರೆ "ವಿಶೇಷ ಏನಿಲ್ಲ" ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಪೆಟ್ಟಿಗೆ ಒಳಗೆ ಬಂತು, ಪೆಟ್ಟಿಗೆ ಹೊರಗೆ ಹೋಯಿತು, ಅದರಲ್ಲಿ ಹೇಳುವಂಥದ್ದು ಏನಿದೆ.

ಆದರೆ ಟೇಪ್‌ರೆಕಾರ್ಡರ್ ಮಾತ್ರ ನನ್ನದು. ಸೈಕಲ್ಲಿನ ಕ್ಯಾರಿಯರಿಗೆ ರಬ್ಬರ್ ಹಾಕಿ ಬಿಗಿದು ತರುತ್ತಿದ್ದೆ. ಊರಿನಲ್ಲಿದ್ದ ಹೆಂಡತಿ ಕುಸುಮಳಿಗೆ ಓದು ಬರಹ ಅಷ್ಟಕ್ಕಷ್ಟೆ. ಕ್ಯಾಂಪಿನ ಎಲ್ಲರಂತೆ ನಮ್ಮದೂ ಕ್ಯಾಸೆಟ್ಟಿನ ವ್ಯವಹಾರ. ಒಂದೇ ಕ್ಯಾಸೆಟ್, ಊರಿಗೆ ಹೋಗುವವರ ಕೈಯಲ್ಲಿ ಹೋಗುವುದು, ಬರುವವರ ಕೈಯಲ್ಲಿ ಬರುವುದು. ಎ ಬದಿ ಅವಳದು, ಬಿ ಬದಿ ನನ್ನದು. ಹಳೆಯದರ ಮೇಲೆಯೇ ಹೊಸದು ತುಂಬುವುದು. ನನ್ನ ಬದಿಯಲ್ಲಿ ನಾನು "ಸೌಖ್ಯ, ನೀನು ಸೌಖ್ಯವೆಂದು ತಿಳಿಯುತ್ತೇನೆ" ಎಂದ ಮೇಲೆ ಇಪ್ಪತ್ತೊಂಬತ್ತು ನಿಮಿಷ ಖಾಲಿ ಉಳಿಯುತ್ತಿತ್ತು. ಅದನ್ನು ಚಾ ಅಂಗಡಿಯ ಮೇಜಿನ ಮೇಲಿಟ್ಟು ಅವರಿಬ್ಬರ ಮಾತಿನಿಂದ ತುಂಬಿಸಿ ಕಳುಹಿಸುತ್ತಿದ್ದೆ. ನಾನು ಸುಲಭದ ದಾರಿ ಹುಡುಕುವವನು, ಅದು ನನಗೆ ಮೊದಲಿನಿಂದಲೂ ಗೊತ್ತು.

ಮಾರ್ಚಿನ ಒಂದು ಗುರುವಾರ ಅವಳ ಕ್ಯಾಸೆಟ್ ಬಂತು. ಸಂಜೆ ಎ ಬದಿ ಹಾಕಿದೆ. ಹಂಚು ಬದಲಿಸಿದ್ದು, ಹಸು ಮಾರಿದ್ದು, ಬೀಡಿ ಬ್ರಾಂಚಿನವರು ಕಟ್ಟಲು ಎಲೆ ಕಡಿಮೆ ಕೊಟ್ಟದ್ದು. ಕೊನೆಗೆ ಯಾವಾಗಲೂ ಕೋಳಿ ಕೂಗುವುದು, ಪಾತ್ರೆ ಸದ್ದು, ಅಷ್ಟೇ ಇರುತ್ತಿತ್ತು. ಆದ್ದರಿಂದ ಬೀಡಿ ಎಲೆಯ ಸುದ್ದಿ ಮುಗಿದ ಕೂಡಲೇ ನಿಲ್ಲಿಸಿ ಮಲಗಿದೆ. ಮರುದಿನ ಬೀಚಿನಲ್ಲಿ ಬಿ ಬದಿ ಮೊದಲಿಗೆ ಸುತ್ತಿ, ರೆಕಾರ್ಡ್ ಗುಂಡಿ ಒತ್ತಿ, ಮೇಜಿನ ಮೇಲಿಟ್ಟೆ. ವಾಲ್ಟರ್ ಉದುರಿದ ಮಿಡಿಯ ಕಥೆ ಹೇಳಿದ. ಪೂವಪ್ಪ ಸೂಜಿ ಚುಚ್ಚಿದ ಬೆರಳು ತೋರಿಸಿದ. ಟೇಪಿಗೆ ಬೆರಳು ಕಾಣುತ್ತದೆಯೇ ಎಂದು ವಾಲ್ಟರ್ ನಕ್ಕ. ಅರ್ಧ ಗಂಟೆ ಪೂರ್ತಿ ತುಂಬಿತು.

ಊರಿಗೆ ಹೋಗುವವರು ಆ ವಾರ ಯಾರೂ ಸಿಗಲಿಲ್ಲ. ಮುಂದಿನ ಬುಧವಾರ ಆಫೀಸಿಗೆ ಟೆಲಿಗ್ರಾಂ ಬಂತು. ಕುಸುಮ ತೀರಿಕೊಂಡು ಐದು ದಿನವಾಗಿತ್ತು. ಕಾಮಾಲೆಯಂತೆ. ಕಫೀಲ್ ಪರದೇಶಕ್ಕೆ ಹೋಗಿದ್ದ, ನಮ್ಮ ಪಾಸ್‌ಪೋರ್ಟುಗಳು ಅವನ ಕಪಾಟಿನಲ್ಲಿದ್ದವು. ಹತ್ತು ದಿನ ಕಾಯಬೇಕು ಎಂದ ಮ್ಯಾನೇಜರ್. ಸುಟ್ಟು ಮುಗಿಸಿದ್ದಾರೆ, ಇನ್ನು ಹೋಗಿ ಏನು ಮಾಡುವುದು ಎಂದು ನಾನೇ ಬೇಡವೆಂದೆ. ಮಧ್ಯಾಹ್ನ ಎರಡು ಲಾರಿಯ ಸಾಮಾನು ಇಳಿಸಿಕೊಂಡೆ, ಎಣಿಕೆ ಒಂದೂ ತಪ್ಪಲಿಲ್ಲ. ಅಳು ಬರಲಿಲ್ಲ. ಬರುತ್ತದೇನೋ ಎಂದು ಸಂಜೆಯವರೆಗೆ ಕಾದೆ, ಬರಲಿಲ್ಲ.

ಮರುದಿನ ಗೋದಾಮಿನ ಮೂಲೆಯಲ್ಲಿ ಕುಳಿತು ಎ ಬದಿಯನ್ನು ಮೊದಲಿನಿಂದ ಹಾಕಿದೆ. ಹಂಚು, ಹಸು, ಬೀಡಿ ಎಲೆ. ಈ ಸಲ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ಪಾತ್ರೆ ಸದ್ದು. ಆಮೇಲೆ ಅವಳು ಹತ್ತಿರ ಬಂದು ಹೇಳಿದಳು: "ಇವತ್ತು ಹೇಳ್ಲಿಕ್ಕೆ ತುಂಬಾ ಉಂಟು. ಉಳಿದದ್ದು ಆಚೆ ಬದಿಯಲ್ಲಿ ಹೇಳ್ತೇನೆ. ತಿರುಗಿಸಿ."

ತಿರುಗಿಸಿದೆ. ವಾಲ್ಟರ್ ನಗುತ್ತಿದ್ದ.

ಬಿ ಬದಿಯನ್ನು ಎಷ್ಟು ಸಲ ಹಾಕಿದೆನೋ. ಅವರ ಮಾತಿನ ಅಡಿಯಲ್ಲಿ, ಕೊನೆಯ ಒಂದು ಗೇಣು ಟೇಪಿನಲ್ಲಿ ಅವಳದು ಏನಾದರೂ ಉಳಿದಿರಬಹುದೆಂದು. ಇರಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ಎರಡು ಬದಿಯ ಮಾತಿತ್ತು, ಅದನ್ನು ನಾನು ಕುಂಬಳದ ಮಿಡಿಯಿಂದ ಒರೆಸಿ ಹಾಕಿದ್ದೆ. ಏನು ಹೇಳಿರಬಹುದು? ಹುಷಾರಿಲ್ಲ ಎಂದಿರಬಹುದು. ಹೊರಟು ಬನ್ನಿ ಎಂದಿರಬಹುದು. ಅದೊಂದು ಮಾತು ಹೇಳಿರಬಾರದು ಎಂದು ಬಯಸಿದೆ. ಹೇಳಿದ್ದರೆ, ಅವಳು ನನ್ನ ದಾರಿ ನೋಡುತ್ತಾ ಮಲಗಿದ್ದಾಗ ನಾನು ಇಲ್ಲಿ ಪರೋಟ ತಿನ್ನುತ್ತಿದ್ದೆ.

ಶುಕ್ರವಾರ ಸೈಕಲ್ ಹತ್ತಿದೆ. ರೌಂಡ್‌ಅಬೌಟಿನಲ್ಲಿ ವಾಲ್ಟರ್ ನನ್ನ ಕೈ ಹಿಡಿದುಕೊಂಡು ನಿಂತ, ಪೂವಪ್ಪ ತಲೆ ಎತ್ತಲಿಲ್ಲ. ಚಾ ಅಂಗಡಿಯಲ್ಲಿ ಕಾಕಾ ಮೂರು ಲೋಟ ತಂದಿಟ್ಟ. "ನಿಮ್ಮದು ಹೇಳಿ," ಎಂದೆ. ವಾಲ್ಟರ್ ಬಳ್ಳಿಯ ಬಗ್ಗೆ ಎರಡು ಮಾತು ಹೇಳಿ ನಿಲ್ಲಿಸಿದ. ಕ್ಯಾಸೆಟ್ಟಿನ ವಿಷಯ ನಾನು ಹೇಳಲಿಲ್ಲ. ಕಾನೂನಿನ ಪ್ರಕಾರ ಅದು ದೊಡ್ಡ ವಿಷಯ.

ಮೂರು ತಿಂಗಳು ಹಾಗೆಯೇ ಹೋಯಿತು. ಆಮೇಲೆ ಬೀಫಾತುಮ್ಮ ಒಮಾನಿನ ಒಳನಾಡಿನ ಇಬ್ರಾ ಪಟ್ಟಣಕ್ಕೆ ಬಂದಿದ್ದಾರೆಂದು ತಿಳಿಯಿತು. ಊರಿನಲ್ಲಿ ನಮ್ಮ ಪಕ್ಕದ ಮನೆಯವರು; ಕುಸುಮ ಮಾತು ತುಂಬುತ್ತಿದ್ದದ್ದು ಅವರ ಟೇಪ್‌ರೆಕಾರ್ಡರಿನಲ್ಲಿ, ಅವರ ಚಾವಡಿಯಲ್ಲಿ ಕುಳಿತು. ಇಬ್ರಾದ ಸೂಕಿನಲ್ಲಿ, ಅಂದರೆ ಪೇಟೆಬೀದಿಯಲ್ಲಿ, ಅವರ ಮಗನ ಬಟ್ಟೆ ಅಂಗಡಿ ಇತ್ತು, ಸೊಸೆಯ ಬಾಣಂತನಕ್ಕೆಂದು ಬಂದಿದ್ದರು. ಒಂದು ದಿನ ರಜೆ ಹಾಕಿ ಟ್ಯಾಕ್ಸಿ ಹಿಡಿದು ಹೋದೆ.

ಅವರು ನನ್ನನ್ನು ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಕುಶಲ ಕೇಳುವುದನ್ನೂ ಮರೆತು ನೇರವಾಗಿ ಕೇಳಿದೆ, "ಕಡೆಯ ಕ್ಯಾಸೆಟ್ಟಿನ ಎರಡನೇ ಬದಿಯಲ್ಲಿ ಅವಳು ಎಂತ ಹೇಳಿದ್ದು?"

"ನೀವು ಕೇಳ್ಲಿಲ್ವಾ?"

"ಅಳಿಸಿ ಹೋಯ್ತು."

"ಅದರಲ್ಲಿ ನಿಮ್ಮ ಸೈಕಲಿನವರಿಗೆ ಉತ್ತರ ಇದ್ದದ್ದು," ಎಂದರು. "ಅವರ ಮಾತು ಅವಳಿಗೆ ಬಾಯಿಪಾಠ ಆಗಿತ್ತು, ದೂಮಪ್ಪಣ್ಣ. ಬೀಡಿ ಕಟ್ಟುವಾಗ ಹಾಕಿಕೊಂಡು ನಗಾಡ್ತಿದ್ಳು. ಕುಂಬಳಕ್ಕೆ ಅಲ್ಲಿ ದುಂಬಿ ಬರುದಿಲ್ಲ ಕಾಣ್ತದೆ, ಬೆಳಿಗ್ಗೆ ಬೇಗ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ತಾಗಿಸ್ಲಿಕ್ಕೆ ಹೇಳಿದ್ಳು. ಟೋಪಿ ಹೊಲಿಯುವವನಿಗೆ ನೂಲಿಗೆ ಮೇಣ ತಿಕ್ಕಬೇಕಂತ. ಅದು ನಾನು ಹೇಳಿ ಕೊಟ್ಟದ್ದು."

"ಹುಷಾರಿಲ್ಲ ಅಂತ ಹೇಳಿದ್ಳಾ?"

"ಆಗ ಹುಷಾರಾಗಿಯೇ ಇದ್ದಳಲ್ಲ. ಜ್ವರ ಶುರುವಾದದ್ದು ಆಮೇಲೆ."

"ನನಗೆ?"

ಬೀಫಾತುಮ್ಮ ಒಳಗಿನ ಕೋಣೆಯ ಕಡೆ ನೋಡಿದರು. ಮಗು ಅಳುತ್ತಿರಲಿಲ್ಲ. "ನಿಮಗೆ ಎಂತ ಹೇಳುದು ಅಂತ ನನ್ನ ಹತ್ರ ಕೇಳಿದ್ಳು. ಅವರು ಎಂತದೂ ಹೇಳುದಿಲ್ಲ, ಎಂತದಕ್ಕೆ ಉತ್ತರ ಕೊಡುದು ಅಂತ. ನಾನು ಎಂತ ಹೇಳ್ಲಿ. ಇಬ್ರೂ ಆಲೋಚನೆ ಮಾಡ್ತಾ ಕೂತಿದ್ದೆವು, ಅಷ್ಟರಲ್ಲಿ ಟೇಪು ಮುಗೀತು."

ಬಿರಿಯಾನಿ ಬಡಿಸಿದರು, ತಿಂದೆ. ರುಚಿಯಾಗಿಯೇ ಇತ್ತು. ವಾಪಸು ಬರುವಾಗ ಎರಡು ಗಂಟೆ ಗುಡ್ಡಗಳನ್ನು ನೋಡಿದೆ. ಬಾ ಎಂದು ಅವಳು ಕರೆದಿರಲಿಲ್ಲ; ಮೂರು ತಿಂಗಳು ಹೆದರಿದ್ದು ಸುಳ್ಳಾಗಿತ್ತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಆ ಶುಕ್ರವಾರ ಚಾ ಬಂದ ಮೇಲೆ, ವಾಲ್ಟರ್ ಶುರು ಮಾಡುವ ಮೊದಲೇ ನಾನು ಕ್ಯಾಸೆಟ್ಟಿನ ಸಂಗತಿ ಎಲ್ಲ ಹೇಳಿದೆ. ಗಂಡು ಹೂವಿನ ವಿಷಯ ಹೇಳಿದೆ. ಮೇಣದ ವಿಷಯ ಹೇಳಿದೆ. ಇಬ್ಬರೂ ಲೋಟ ಕೆಳಗಿಟ್ಟು ಕೇಳಿದರು. ವಾಲ್ಟರ್ ಎದ್ದು ಹೋಗಿ ಸಮುದ್ರದ ಕಡೆ ಮುಖ ಮಾಡಿ ನಿಂತ. ನನ್ನ ಹೆಂಡತಿಗೆ ಅವರ ಪರಿಚಯ ನನ್ನದಕ್ಕಿಂತ ಚೆನ್ನಾಗಿತ್ತೋ ಏನೋ, ಒಂದು ಸಲವೂ ಮುಖ ನೋಡದೆ.

ಪೂವಪ್ಪ ಮೆಲ್ಲಗೆ ಕೇಳಿದ, "ನಿಮಗೆ ಎಂತ ಹೇಳಿದ್ರು, ದೂಮಪ್ಪಣ್ಣ?"

"ಕೂಡಲೇ ಹೊರಟು ಬನ್ನಿ ಅಂತ ಹೇಳಿದ್ದಳಂತೆ," ಎಂದೆ.

ಅವನು ನನ್ನ ಭುಜದ ಮೇಲೆ ಕೈ ಇಟ್ಟ. ಕೈ ಹಾಗೆಯೇ ಇರಲಿ ಎಂದು ನಾನು ಅಲುಗಾಡದೆ ಕುಳಿತೆ. ಹೇಳಿದ್ದು ಸುಳ್ಳು. ನನಗೆ ಹೇಳಲು ಅವಳಿಗೆ ಏನೂ ಸಿಗದೆ ಟೇಪು ಮುಗಿದದ್ದಕ್ಕಿಂತ, ಅವಳು ಹಾಗೆ ಕರೆದು, ನಾನು ಹೋಗದೆ, ಆ ಪಾಪ ಸಾಯುವವರೆಗೆ ನನ್ನ ತಲೆಯ ಮೇಲಿದ್ದಿದ್ದರೂ ವಾಸಿಯಿತ್ತು.