ಬೆಳಕು ಕಾಣದ ಪೆಟ್ಟಿಗೆ

ಹಾಸಿಗೆ ವ್ಯಾಪಾರಿಗೆ ಹಳೇ ಕಂಟೇನರ್‌ಗಳನ್ನು ನೋಡಿ ನೋಡಿ ಸಾಕುಸಾಕಾಗಿತ್ತು. ಗೋದಾಮು ಸೋರಿ ಅರ್ಧ ಮಾಲು ನೆನೆದುಹೋಗಿತ್ತು. ಮಾಲಿಡಲು ಒಂದು ಕಂಟೇನರ್ ಕೊಳ್ಳೋಣವೆಂದು ಈ ಗುಜರಿ ಅಂಗಳಕ್ಕೆ ಬಂದರೆ ಇಲ್ಲೂ ಎಲ್ಲವೂ ಜರಡಿ. ಕೊನೆಗೊಂದು ನೀಲಿ ಕಂಟೇನರಿನೊಳಗೆ ಹೊಕ್ಕು ಭಾಮೈದನಿಗೆ ಹೇಳಿದ: "ಬಾಗಿಲು ಹಾಕು. ತೂತಿದ್ರೆ ಕತ್ತಲಲ್ಲಿ ಬೆಳಕು ಕಾಣುತ್ತೆ. ಕಂಡ ಕಡೆ ಗುದ್ದುತೀನಿ, ನೀನು ಹೊರಗಿಂದ ಸೀಮೆಸುಣ್ಣದಲ್ಲಿ ಗುರುತು ಹಾಕು. ನಿನ್ನ ತಲೆ ಓಡಿಸೋಕೆ ಹೋಗ್ಬೇಡ."

"ಆಯ್ತು ಭಾವ."

ಬಾಗಿಲು ಬಿತ್ತು. ಒಳಗೆ ಕಗ್ಗತ್ತಲು, ಸೂಜಿಮೊನೆಯಷ್ಟೂ ಬೆಳಕಿಲ್ಲ. ವ್ಯಾಪಾರಿ ಹಿಗ್ಗಿಹೋದ. "ಸಿಕ್ತು ಕಣೋ, ಬಾಗಿಲು ತೆಗಿ!" ಎಂದು ಕೂಗಿದ. ದಪ್ಪ ತಗಡು, ಮಾತು ಹೊರಗೆ ದಾಟಲಿಲ್ಲ. ತಾನೇ ತೆಗೆಯೋಣವೆಂದರೆ ಚಿಲಕವಿದ್ದದ್ದು ಹೊರಗೆ. ಬಾಗಿಲಿಗೆ ಗುದ್ದಿದ. ಗೋಡೆಗೆ ಗುದ್ದಿದ. ಸೆಕೆಗೆ ಬೆವರು ಕಿತ್ತುಕೊಂಡು ಬಂದು, ಭಾಮೈದನನ್ನೂ ಅವನನ್ನು ತನ್ನ ಕೊರಳಿಗೆ ಕಟ್ಟಿದ ಹೆಂಡತಿಯನ್ನೂ ಬೈಯುತ್ತಾ ಮೂಲೆಮೂಲೆಗೂ ಒದ್ದ.

ಅಂತೂ ಬಾಗಿಲು ತೆರೆಯಿತು.

"ಕಿವಿಗೆ ಹತ್ತಿ ಇಟ್ಕೊಂಡಿದ್ಯೇನೋ? ಒಂದೇ ಒಂದು ತೂತಿಲ್ಲ ಇದ್ರಲ್ಲಿ! ಎಲ್ಲಿ ಮಾಲೀಕರು? ಈಗಲೇ ಮಾತು ಮುಗಿಸೋಣ."

ಭಾಮೈದ ಪಿಳಿಪಿಳಿ ಕಣ್ಣು ಬಿಟ್ಟ. ಅವನ ಕೈಯೆಲ್ಲ ಬಿಳಿ. ಕಂಟೇನರಿನ ಮೈತುಂಬ ಸೀಮೆಸುಣ್ಣದ ಗುರುತು.

"ನಾನೇ ಮುಗಿಸಿಬಿಟ್ಟೆ ಭಾವ. ಇಷ್ಟೊಂದು ತೂತಿರೋದು ನಮಗೆ ಬೇಡವೇ ಬೇಡ ಅಂತ ಮುಖಕ್ಕೆ ಹೊಡೆದಂಗೆ ಹೇಳ್ದೆ. ಪಕ್ಕದಲ್ಲೇ ಕೋಳಿ ಫಾರಂನವರಿದ್ರು, ತಕ್ಷಣ ಕೊಂಡ್ಕೊಂಡ್ರು. ಗಾಳಿಯಾಡೋಕೆ ಇಂಥದ್ದನ್ನೇ ಹುಡುಕ್ತಿದ್ರಂತೆ."