ಏಳಲೊಲ್ಲದ ಡಿಸ್ಕು

ಕಪ್ಪು ಪರದೆಯ ಮೇಲೆ ಒಂದೇ ಸಾಲು: ಬೂಟ್ ಮಾಡುವ ಡಿಸ್ಕ್ ಸಿಗಲಿಲ್ಲ. ನನ್ನ ತಂಗಿ ಮೂರನೇ ಸಲ ಕೇಬಲ್ ಕಿತ್ತು ಬೇರೆ ಕಡೆ ಚುಚ್ಚಿದಳು. ಮತ್ತೆ ಅದೇ ಸಾಲು.

ಅವಳು ಕಿವಿ ಪರೀಕ್ಷಿಸುವವಳು. ಬಂದವರ ಸರದಿ ನೋಡಿಕೊಳ್ಳುವುದು ನನ್ನ ಕೆಲಸ. ಶ್ರವಣಯಂತ್ರ ಹೊಂದಿಸುವ ಅವಳ ಸಾಫ್ಟ್‌ವೇರ್ ಹಳೆಯ ಕಾಲದ್ದು, ಹೊಸ ಕಂಪ್ಯೂಟರಿಗೆ ಒಗ್ಗದು. ಹಾಗಾಗಿ ಹಳೆಯ ಆಪರೇಟಿಂಗ್ ಸಿಸ್ಟಮ್ಮನ್ನೇ ಹೊರಗಿನ ಡಿಸ್ಕಿನಲ್ಲಿಟ್ಟು, ದಿನವೂ ಅದರಿಂದಲೇ ಕಂಪ್ಯೂಟರ್ ಎಬ್ಬಿಸುತ್ತಿದ್ದಳು.

ಎದುರಿಗೆ ಕಿವಿ ಮಂದವಾದ ಶಾಲಾ ಮೇಷ್ಟ್ರೊಬ್ಬರು ಕೂತಿದ್ದರು. ಕಿವಿಯಲ್ಲಿ ಹೊಸ ಯಂತ್ರವಿದ್ದರೂ ಹೊಂದಿಸದೆ ಅದು ದಂಡ. ಮಕ್ಕಳ ಮಾತು ಕೇಳಿಸದಿದ್ದರೆ ನಾಳೆಯಿಂದ ತರಗತಿ ಬಿಟ್ಟು ಕಚೇರಿಯಲ್ಲಿ ಕೂರಬೇಕೆಂದು ಹೆಡ್‌ಮಾಸ್ಟರು ಹೇಳಿಬಿಟ್ಟಿದ್ದರು.

"ಡಿಸ್ಕು ಯಾರು ಮುಟ್ಟಿದ್ದು?" ತಂಗಿ ಕೂಗಿದಳು.

ಅವಳ ಗಂಡ ಒಳಗೆ ಬಂದರು. "ಹಳೇದು ಕಟಕಟ ಅಂತಿತ್ತು ಕಣೇ. ನಿಂಗೆ ತೊಂದ್ರೆ ಆಗಬಾರದು ಅಂತ ಭಾನುವಾರ ಪೂರ್ತಿ ಕೂತು ಎಲ್ಲಾ ಹೊಸದಕ್ಕೆ ಕಾಪಿ ಮಾಡ್ದೆ. ಒಂದು ಫೈಲೂ ಬಿಟ್ಟಿಲ್ಲ."

"ಹಳೇದೆಲ್ಲಿ?"

"ಅಳಿಸಿ ನನ್ನ ಹಾಡು ತುಂಬ್ಕೊಂಡೆ."

"ಕಟಕಟ ಅನ್ನೋದ್ರಲ್ಲಿ ನಿಮ್ಮ ಹಾಡು ನಡೆಯುತ್ತೆ, ನನ್ನ ಕೆಲಸ ನಡೆಯಲ್ವೇನ್ರೀ?"

ನನಗೂ ರೇಗಿತು. ಇಷ್ಟು ವರ್ಷದಲ್ಲಿ ಅವರಿಗೆ ಒಂದು ಗಟ್ಟಿ ಮಾತು ಆಡಿದವಳಲ್ಲ ನಾನು. "ಒಂದು ಮಾತು ಕೇಳಬಾರದಿತ್ತಾ? ಮೇಷ್ಟ್ರ ತರಗತಿಗೇ ಸಂಚಕಾರ ತಂದ್ರಲ್ಲ!"

"ತಪ್ಪಾಯ್ತು ಅಕ್ಕಾ," ಎಂದರು.

ಕಂಪ್ಯೂಟರ್ ರಿಪೇರಿಯವನು ಫೋನಿನಲ್ಲಿ ಸಿಕ್ಕ. "ಫೈಲೆಲ್ಲ ಇದ್ದಾವಮ್ಮಾ. ಆದ್ರೆ ಕಂಪ್ಯೂಟರ್ ಏಳೋಕೆ ಒಂದು ಪುಟ್ಟ ಭಾಗ ಡಿಸ್ಕಲ್ಲಿ ಅಡಗಿರುತ್ತೆ. ಬರೀ ಕಾಪಿ ಮಾಡಿದ್ರೆ ಅದು ಬರಲ್ಲ. ನಾನು ಕೊಟ್ಟಿದ್ದ ಪೆನ್‌ಡ್ರೈವ್ ಹಾಕಿ, ಆ ಭಾಗ ಹೊಸದಾಗಿ ಕಟ್ಟೋಣ."

ಟೈಪ್ ಮಾಡಬೇಕಾದ್ದನ್ನು ಅವನು ಅಕ್ಷರ ಅಕ್ಷರವಾಗಿ ಹೇಳಿದ. ಒಂದಕ್ಷರ ತಪ್ಪಿದಾಗಲೂ ಬೇಸರಿಸದೆ ಮೊದಲಿಂದ ಹೇಳಿದ. ತಂಗಿ ಒಂದೊಂದು ಕೀಲಿಯನ್ನೂ ಕುಟ್ಟಿದಳು. ಒಂದೊಂದು ಕುಟ್ಟಿಗೂ ಗಂಡನಿಗೊಂದು ಬೈಗುಳ. ಅವರು ಸದ್ದಿಲ್ಲದೆ ಫ್ಯಾನನ್ನು ಮೇಷ್ಟ್ರ ಕಡೆ ತಿರುಗಿಸಿ, ಕುಡಿಯಲು ನೀರು ತಂದಿಟ್ಟರು. ನೋಡಿದೆ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

ಒಂದು ಗಂಟೆಯ ಮೇಲೆ ಕಂಪ್ಯೂಟರ್ ಎದ್ದಿತು. ತಂಗಿ ಯಂತ್ರ ಹೊಂದಿಸುತ್ತಲೇ ಬೈಗುಳ ಮುಂದುವರಿಸಿದಳು. "ಇನ್ನೊಂದ್ ಸಲ ನನ್ನ ಮೇಜಿನಿಂದ ಒಂದು ಗುಂಡುಸೂಜಿ ಕದಲಿಸಿ, ಆಮೇಲೆ ನೋಡಿ!"

ಮೇಷ್ಟ್ರು ಥಟ್ಟನೆ ನೆಟ್ಟಗೆ ಕೂತರು. "ಡಾಕ್ಟ್ರಮ್ಮಾ, ಇಷ್ಟು ಹೊತ್ತೂ ಇವರನ್ನ ಬೈತಿದ್ರಾ? ಕಂಪ್ಯೂಟರ್ ಪಾಠ ಹೇಳ್ಕೊಡ್ತಿದ್ದೀರಿ ಅಂದ್ಕೊಂಡು ನಾನು ತಲೆಯಾಡಿಸ್ತಾ ಇದ್ದೆನಲ್ಲ!"

ತಂಗಿ ನಗಲಿಲ್ಲ. "ಚೆನ್ನಾಗಿ ಕೇಳಿಸ್ತಿದೆಯಾ?"

"ಒಂದೊಂದು ಅಕ್ಷರವೂ."

"ಹಾಗಾದ್ರೆ ಇನ್ನೂ ಸ್ವಲ್ಪ ಕೇಳಿ," ಎಂದು ಗಂಡನ ಕಡೆ ತಿರುಗಿದಳು.