ಆ್ಯಸಿಡ್ ಬಾಟಲಿಗೆ ಜಡಿದ ಬಿರಡೆ

“ಆ ವಾಸನೆ ತಡೆಯೋಕಾಗ್ದೆ, ಬಿರಡೆ ಜಡೀರಿ ಅಂತ ನಾನೇ ಹೇಳ್ದೆ ಕಣೇ,” ಎಂದಳು ಅಕ್ಕ, ಕೆಮ್ಮುತ್ತಲೇ.

ತಂಗಿ ಮೊದಲು ಬೆಸುಗೆಯ ಒಲೆ ಆರಿಸಿದಳು. ಭಾವನ ಕೆಲಸದ ಕನ್ನಡಕ ಹಾಕಿಕೊಂಡು, ಒಲೆಯ ಪಕ್ಕದ ಗಾಜಿನ ಬಾಟಲಿಗೆ ಗೋಣಿ ಸುತ್ತಿ ಅಂಗಳಕ್ಕೆ ಒಯ್ದು, ಬಿರಡೆಯನ್ನು ಮೆಲ್ಲಗೆ ಸಡಿಲಿಸಿದಳು. ಒಳಗಿನ ಗಾಳಿ ಬುಸ್ಸೆಂದು ಹೊರನುಗ್ಗಿತು. ಭಾವನ ಮುಖ ಬಿಳಿಚಿತು.

ಭಾವ ತಗಡಿನ ಡಬ್ಬ, ಆಲಿಕೆ ಮಾಡುವವನು. ಬೆಸುಗೆ ಹಿಡಿಯಲು ತಗಡಿಗೆ ಸವರುವ ನೀರನ್ನು ಅವನೇ ತಯಾರಿಸುತ್ತಾನೆ: ಆ್ಯಸಿಡ್ಡಿಗೆ ಸತುವಿನ ಚೂರು ಹಾಕಿ, ಗುಳ್ಳೆ ನಿಲ್ಲುವವರೆಗೆ ಬಿಡುವುದು. ಯಾವಾಗಲೂ ತೆರೆದಿಡುತ್ತಿದ್ದವನು ಇವತ್ತು ಹೆಂಡತಿಯ ಕೆಮ್ಮು ನೋಡಲಾರದೆ ಮುಚ್ಚಿದ್ದ.

ತಂಗಿಗೆ ಕಾಲೇಜಿನ ಲ್ಯಾಬ್‌ನಲ್ಲಿ ಕೆಲಸ. ಈ ಗಾಳಿಯ ಹೆಸರು ಜಲಜನಕ, ಮುಚ್ಚಿಟ್ಟರೆ ಗಾಜು ಸಿಡಿಯುತ್ತದೆ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಇನ್ನಷ್ಟು ಹೊತ್ತು ಹಾಗೇ ಬಿಟ್ಟಿದ್ದರೆ ಇಬ್ಬರ ಕಣ್ಣೂ ಹೋಗುತ್ತಿತ್ತು ಎಂದಳು. ಕೆಮ್ಮು ಬರಿಸಿದ್ದು ಆ್ಯಸಿಡ್ಡಿನ ಹೊಗೆಯಂತೆ. ಜಲಜನಕಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಭಯ ಇಳಿದದ್ದೇ ಭಾವನಿಗೆ ಕುತೂಹಲ ಹತ್ತಿತು. ಸತುವಿನ ಹೊಟ್ಟೆಯಲ್ಲಿ ಇಷ್ಟೊಂದು ಗಾಳಿ ಎಲ್ಲಿ ಅಡಗಿತ್ತು ಎಂದ.

“ಸತುವಲ್ಲಿ ಅಲ್ಲ ಭಾವ. ಆ್ಯಸಿಡ್ಡಲ್ಲೇ ಇತ್ತು.”

“ಕರಗ್ತಿರೋದು ಸತು, ಗುಳ್ಳೆ ಏಳ್ತಿರೋದೂ ಅದರ ಮೈಮೇಲೆ. ನನ್ನ ಕಣ್ಣಿಗೇ ಮಣ್ಣೆರಚ್ತೀಯಲ್ಲಮ್ಮ.”

ಅವಳು ಅಂಗಳದಲ್ಲೇ ಒಂದು ಗ್ಲಾಸಿಗೆ ಸತು ಹಾಕದ ಆ್ಯಸಿಡ್ ಚೂರು ಸುರಿದು ತಾಮ್ರದ ತಂತಿ ಹಾಕಿದಳು. ಏನೂ ಆಗಲಿಲ್ಲ. ತಂತಿ ತೆಗೆದು ಕಬ್ಬಿಣದ ಮೊಳೆ ಹಾಕಿದಳು. ನಿಧಾನಕ್ಕೆ ಗುಳ್ಳೆ ಎದ್ದವು. ಇದೂ ಜಲಜನಕವೇ ಎಂದಳು.

“ಸತು ಹೋಗಿ ಕಬ್ಬಿಣ ಬಂತು, ಗಾಳಿ ಮಾತ್ರ ಅದೇ. ಹಾಗಾದ್ರೆ ಬದಲಾಗ್ದೆ ಇದ್ದದ್ದು ಯಾವ್ದು?”

ಭಾವ ತಲೆ ಕೆರೆದುಕೊಂಡ. “ಆ್ಯಸಿಡ್ಡು.”

“ಹ್ಞೂಂ. ಸತು ಒಳಗೆ ಹೋಗಿ ಜಲಜನಕದ ಜಾಗದಲ್ಲಿ ಕೂತ್ಕೊಳ್ಳುತ್ತೆ. ಜಲಜನಕ ಎದ್ದು ಆಚೆ ಬರುತ್ತೆ. ತಾಮ್ರಕ್ಕೆ ಅದನ್ನ ಎಬ್ಬಿಸೋ ತಾಕತ್ತಿಲ್ಲ.”

“ನೀನು ಬಂದಾಗ ನಾನು ಕುರ್ಚಿ ಬಿಟ್ಟುಕೊಡಲ್ವಾ, ಹಾಗೆ.”

“ಯಾವತ್ತು ಬಿಟ್ಟುಕೊಟ್ರಿ?” ಎಂದಳು ಅಕ್ಕ.

ಓದುತ್ತಿರುವ ಅಕ್ಕ-ಅಣ್ಣಂದಿರೇ, ಇದು ತಗಡಿನ ಕಸುಬಿನವರಿಗೆ ಮಾತ್ರ ಹೇಳಿದ ಮಾತಲ್ಲ. ಬಚ್ಚಲು ತೊಳೆಯುವ ಆ್ಯಸಿಡ್ಡನ್ನು ತಗಡಿನ ಬಕೆಟ್ಟಿಗೋ ಅಲ್ಯುಮಿನಿಯಂ ಪಾತ್ರೆಗೋ ಸುರಿದರೂ ಜಲಜನಕ ಏಳುತ್ತದೆ. ಆ್ಯಸಿಡ್ಡನ್ನು ತಂದ ಬಾಟಲಿಯಲ್ಲೇ ಇಡಿ. ಕಸುಬಿಗಾಗಿ ಲೋಹ ಹಾಕಲೇಬೇಕೆಂದರೆ ಬಯಲಿನಲ್ಲಿ ಹಾಕಿ, ಬಾಟಲಿಯ ಬಾಯಿ ಮುಚ್ಚಬೇಡಿ, ಬೆಂಕಿ ಸುಳಿಯಗೊಡಬೇಡಿ, ಕಣ್ಣಿಗೆ ಕನ್ನಡಕವಿರಲಿ. ಈ ಪರೀಕ್ಷೆಯನ್ನಂತೂ ಮನೆಯಲ್ಲಿ ಮಾಡಲೇಬೇಡಿ.

ಅಷ್ಟರಲ್ಲಿ ಪಕ್ಕದ ಬಡಗಿ ಸಿಗರೇಟು ಸೇದುತ್ತ ಗೇಟಿನ ಬಳಿ ಬಂದ. ಭಾವ ಕೈಯೆತ್ತಿ ಅಲ್ಲೇ ತಡೆದ. ಬಡಗಿ ಅದನ್ನು ಬೀದಿಯಲ್ಲೇ ಹೊಸಕಿ ಒಳಬಂದು, ಮೂವರ ಜೊತೆ ತಾನೂ ಮಾರು ದೂರ ಕುಕ್ಕರುಗಾಲಲ್ಲಿ ಕೂತು ಮೊಳೆಯ ಗುಳ್ಳೆಗಳನ್ನು ನೋಡತೊಡಗಿದ.